ಒಳಗೆ ಬಿಟ್ಟ ಬಟ್ಟೆ

ನಾನು ಬೆಟಗೇರಿಯ ಒಂದು ಓಣಿಯಲ್ಲಿ ಕುಬಸ ಹೊಲಿಯುವವಳು. ನೀವು ಬ್ಲೌಸ್ ಎನ್ನಿ, ಜಂಪರ್ ಎನ್ನಿ, ನಮ್ಮ ಕಡೆ ಅದು ಕುಬಸ. ಬಾಗಿಲ ಮುಂದೆ ಬೋರ್ಡಿಲ್ಲ. ಮಷೀನಿನ ಸದ್ದು ಕೇಳಿ ಬರುವವರು ಬರುತ್ತಾರೆ, ಕೂರುತ್ತಾರೆ, ಸೊಸೆಯ ಬಗ್ಗೆ ಒಂದಿಷ್ಟು ಹೇಳಿಕೊಳ್ಳುತ್ತಾರೆ, ಬಟ್ಟೆ ಕೊಟ್ಟು ಹೋಗುತ್ತಾರೆ. ನಾನು ಕಥೆಯನ್ನೂ ಬರೆಯುತ್ತೇನೆ, ಅದರಲ್ಲಿ ಅರ್ಧ ಅವರವೇ. ಇದು ಮಾತ್ರ ನನ್ನ ಮನೆಯದು.

ಬಸುರಿಗೆ ಏಳನೇ ತಿಂಗಳಲ್ಲಿ ಮಾಡುವ ಕಾರ್ಯಕ್ಕೂ ನಮ್ಮಲ್ಲಿ ಕುಬಸ ಎಂದೇ ಹೆಸರು. ತವರಿನವರು ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆ ಹಿಡಿದು ಬರುತ್ತಾರೆ. ಹೆಣ್ಣುಮಕ್ಕಳೆಲ್ಲ ಸುತ್ತ ಕೂತು ಹಾಡುತ್ತಾರೆ, ಉಣ್ಣುತ್ತಾರೆ, ಬಸುರಿಯನ್ನು ನಗಿಸುತ್ತಾರೆ. ನಾವು ಕ್ರೈಸ್ತರು, ಹಾಗಾಗಿ ಆರತಿ ಇಲ್ಲ, ಕುಂಕುಮ ಇಲ್ಲ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾಸ್ಟರು, ಬಂದು ಪ್ರಾರ್ಥನೆ ಮಾಡುತ್ತಾರೆ, ನಾವು ಕೀರ್ತನೆ ಹಾಡುತ್ತೇವೆ. ಉಳಿದದ್ದೆಲ್ಲ ಊರಿನ ಹಾಗೆಯೇ. ಹೋಳಿಗೆ ಎಲ್ಲರ ಮನೆಯಲ್ಲೂ ಹೋಳಿಗೆಯೇ.

ಈ ಓಣಿಯಲ್ಲಿ ಯಾರ ಮನೆಯ ಹುಡುಗಿ ಬಸುರಾದರೂ ಹಸಿರು ಖಣ, ಅಂದರೆ ಕುಬಸದ ಬಟ್ಟೆಯ ತುಂಡು, ನನ್ನ ಮಷೀನಿನ ಮೇಲೆ ಬಂದು ಬೀಳುತ್ತದೆ. ಕುಬಸ ಕಾರ್ಯದ ಬಟ್ಟೆ ಹೊಲಿಯುವ ರೀತಿಯೇ ಬೇರೆ. ಹುಕ್ಕು ಮುಂದುಗಡೆ ಇರಬೇಕು, ನಾಳೆ ಕೂಸಿಗೆ ಹಾಲು ಕುಡಿಸುವವಳು ಅವಳು. ಎರಡೂ ಬದಿಯ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡಬೇಕು. ಎದೆಯಲ್ಲಿ ಹಾಲು ತುಂಬುತ್ತದೆ, ಮೈ ಬದಲಾಗುತ್ತದೆ, ಕುಬಸ ಬಿಗಿಯಾಗುತ್ತದೆ. ಆಗ ಹೊಲಿಗೆ ಬಿಚ್ಚಿದರೆ ಒಳಗಿನ ಬಟ್ಟೆ ಹೊರಗೆ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ಹೊಲಿದವಳಿಗೆ ಗೊತ್ತು, ಹಾಕಿಕೊಂಡವಳಿಗೆ ಚುಚ್ಚುತ್ತಿರುತ್ತದೆ.

ನನ್ನ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದೇವೆ. ಅಳಿಯನದು ಮೊಬೈಲ್ ರಿಪೇರಿ ಅಂಗಡಿ. ಮೊದಲ ಬಸುರಿಗೆ ಕುಬಸ ನಾನೇ ಹೊಲಿದೆ, ನಾನೇ ಹೊತ್ತುಕೊಂಡು ಹೋಗಿ ದೊಡ್ಡದಾಗಿಯೇ ಮಾಡಿದೆ. ಅಯ್ಯನವರು ಬಂದರು. ಶಿರಹಟ್ಟಿಯಿಂದ, ಮುಂಡರಗಿಯಿಂದ ಬೀಗರು ಬಂದರು. ನಾನು ಒಳಗೆ ಬಟ್ಟೆಯನ್ನು ಎಂದಿಗಿಂತ ಒಂದು ಬೆರಳು ಹೆಚ್ಚೇ ಬಿಟ್ಟಿದ್ದೆ.

ಅದಾಗಿ ಕೆಲವು ವಾರಕ್ಕೆ ಕೂಸು ಹೊಟ್ಟೆಯಲ್ಲಿ ಆಡುವುದನ್ನು ನಿಲ್ಲಿಸಿತು. ಗದಗಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಅಳು ಕೇಳಲಿಲ್ಲ. ಡಾಕ್ಟರು ಏನೋ ಕಾರಣ ಹೇಳಿದರು, ಯಾರ ತಪ್ಪೂ ಅಲ್ಲ ಎಂದರು. ನನಗೆ ಅರ್ಧ ತಿಳಿಯಿತು. ಮೂರನೇ ದಿನಕ್ಕೆ ಮಗಳಿಗೆ ಎದೆಹಾಲು ಬಂತು. ಕೂಸು ಇಲ್ಲ ಎಂಬ ಸುದ್ದಿ ಮೈಗೆ ಮುಟ್ಟಿರಲಿಲ್ಲ. ಆ ಹಸಿರು ಕುಬಸದ ಮೇಲೆಯೇ ಅವಳ ಎದೆಗೆ ಸೀರೆಯ ಹರಕು ಬಿಗಿಯಾಗಿ ಕಟ್ಟಿದೆವು, ಹಾಲು ಇಂಗಲಿ ಎಂದು. ನಾನು ಹೊಲಿದ ಹುಕ್ಕುಗಳು ಹಾಗೇ ಇದ್ದವು. ಒಳಗಿನ ಬಟ್ಟೆ ಒಳಗೇ ಇತ್ತು.

ಆ ಕುಬಸ ಮುಂದೆ ಏನಾಯಿತೆಂದು ನಾನು ಕೇಳಲಿಲ್ಲ. ಎಸೆದಿರುತ್ತಾಳೆ ಎಂದುಕೊಂಡೆ.

ನಮ್ಮ ಸಭೆಯಲ್ಲಿ ಗುರುವಾರ ಮಧ್ಯಾಹ್ನ ಹೆಂಗಸರ ಪ್ರಾರ್ಥನಾ ಕೂಟ. ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಅದನ್ನು ನಡೆಸುವವಳು ನಾನು. ಬಾಯಿ ಜೋರಿದೆ, ಪ್ರಾರ್ಥನೆ ಉದ್ದ ಮಾಡುತ್ತೇನೆ, ಹೆಂಗಸರಿಗೆ ಕಣ್ಣೀರು ಬರುತ್ತದೆ. ಮೊಮ್ಮಗು ಹೋದ ಮೇಲೂ ನಾನು ಕೂಟ ಬಿಡಲಿಲ್ಲ. ಚಿಂತೆ ಮಾಡಬೇಡಿ, ಹಕ್ಕಿಗಳನ್ನು ನೋಡಿ, ಹೊಲದ ಹೂವು ನೋಡಿ ಎಂಬ ಯೇಸುಸ್ವಾಮಿಯ ಮಾತನ್ನು ಎಷ್ಟೋ ಸಲ ನಾನೇ ವಿವರಿಸಿ ಹೇಳಿದೆ. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ಮನೆಗೆ ಬಂದು ಚಾಪೆ ಹಾಸಿ ಬಿದ್ದುಕೊಂಡರೆ ಏಳಲು ಮನಸ್ಸಾಗುತ್ತಿರಲಿಲ್ಲ. ಕಲ್ಲು ಹೊತ್ತು ಬಂದ ಹಾಗೆ ಮೈ ನೋಯುತ್ತಿತ್ತು.

ಮರುವರ್ಷ ಒಂದು ಬೆಳಗ್ಗೆ ಮಗಳ ಫೋನು ಬಂತು.

“ಅವ್ವಾ, ಮತ್ತ ಬಸುರ ನಿಂತೈತಿ ಬೇ.”

ನಿಜವಾದ ತಾಯಿಯಾದವಳು ಆಗ ಏನು ಹೇಳಬೇಕು? ದೇವರಿಗೆ ಸ್ತೋತ್ರ ಎನ್ನಬೇಕು. ಹುಷಾರು ಮಗಳೇ ಎನ್ನಬೇಕು. ನನ್ನ ಬಾಯಿಂದ ಬಂದದ್ದು ಬೇರೆ.

“ಯಾರಿಗೂ ಹೇಳಬ್ಯಾಡ.”

“ಯಾಕ?”

“ಬ್ಯಾಡ ಅಂದ್ರ ಬ್ಯಾಡ. ನಿಮ್ಮತ್ತಿಗೂ ಬಾಯಿ ಮುಚ್ಕೊಂಡಿರಾಕ ಹೇಳು.”

“ನಮ್ಮತ್ತಿ ಬಾಯಿ ನಾ ಹೆಂಗ ಮುಚ್ಚಲಿ? ಬೇಕಾದ್ರ ನೀನ ಬಂದು ಹೊಲದು ಹೋಗು.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಕಳ್ಳ ಕುಬಸ ಎಂದು ಒಂದು ಪದ್ಧತಿ ನಮ್ಮಲ್ಲಿದೆ. ಮೂರನೇ ತಿಂಗಳಿನ ಸುಮಾರಿಗೆ, ಊರಿಗೆ ಗೊತ್ತಾಗುವ ಮೊದಲು, ತವರಿನವರು ಗುಟ್ಟಾಗಿ ಒಂದು ಹಸಿರು ಖಣ ಕೊಟ್ಟು ಬರುತ್ತಾರೆ. ನಾನು ಅದನ್ನೂ ಮಾಡಲಿಲ್ಲ. ಖಣವನ್ನೇನೋ ತಂದೆ. ಅಂಗಡಿಯಲ್ಲಿ “ಯಾರ ಕುಬಸಕ್ಕರಿ?” ಎಂದು ಕೇಳಿದರೆ “ಗಿರಾಕಿದು” ಎಂದೆ. ತಂದು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಹಳೇ ಬೆಡ್‌ಶೀಟು ಮುಚ್ಚಿದೆ.

ಚಿಂತೆ ಮಾಡುವುದು ಒಂದು ಪೂರ್ತಿ ಉದ್ಯೋಗ. ಅದಕ್ಕೆ ಭಾನುವಾರದ ರಜೆಯೂ ಇಲ್ಲ. ಎದ್ದ ಕೂಡಲೇ ಫೋನು. ಮಗಳು ಎತ್ತುವುದು ಎರಡು ಸಲ ತಡವಾದರೆ ಅಳಿಯನಿಗೆ ಫೋನು. ಅವನು ಪಾಪ ಯಾರದೋ ಮೊಬೈಲು ಬಿಚ್ಚಿಟ್ಟುಕೊಂಡು ಕೂತಿರುತ್ತಾನೆ, ಬಿಟ್ಟು ಮನೆಗೆ ಓಡುತ್ತಾನೆ. ಅವಳು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿರುತ್ತಾಳೆ. ನೆಪ ಮಾಡಿಕೊಂಡು ಆಗಾಗ ಬಸ್ಸು ಹತ್ತುತ್ತಿದ್ದೆ. ಶಿರಹಟ್ಟಿ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಪಂಖಗಳು ಸುಮ್ಮನೆ ತಿರುಗುತ್ತಿರುತ್ತವೆ. ಒಂದು ನಿಂತಿರುವುದು ಕಂಡರೆ ಕೂತಲ್ಲಿಂದಲೇ ಮಗಳಿಗೆ ಫೋನು ಹಚ್ಚುತ್ತಿದ್ದೆ. ನಿಂತ ಪಂಖಕ್ಕೂ ನನ್ನ ಮಗಳ ಹೊಟ್ಟೆಗೂ ಏನು ಸಂಬಂಧ? ಶಕುನ ನೋಡಬಾರದು ಎಂದು ಗುರುವಾರ ಹೇಳಿಕೊಡುವವಳು ನಾನೇ.

ಇನ್ನು ಗುರುವಾರದ್ದೇ ದೊಡ್ಡ ಫಜೀತಿ. ಪ್ರಾರ್ಥನೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ವಿಷಯ ಹೇಳಬೇಕು. ಒಬ್ಬಳಿಗೆ ಗಂಡನ ಕುಡಿತ, ಒಬ್ಬಳಿಗೆ ಮಗನ ಪರೀಕ್ಷೆ, ಒಬ್ಬಳಿಗೆ ಎಮ್ಮೆ ಗಬ್ಬ ನಿಲ್ಲುತ್ತಿಲ್ಲ. ಎಲ್ಲರದೂ ಮುಗಿದು ನನ್ನ ಕಡೆ ನೋಡಿದರು. ಮಗಳ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ನನ್ನ ಮೊಣಕಾಲ ಸಲುವಾಗಿ,” ಎಂದೆ.

“ಯಾವ ಕಾಲ?” ಎಂದಳು ಕುರ್ತಕೋಟಿಯಿಂದ ಬರುವ ಅಕ್ಕ. ಆಕೆ ನಮ್ಮ ಕೂಟದಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ.

“ಬಲಗಾಲು,” ಎಂದೆ.

ಮುಂದಿನ ವಾರ ಮರೆತು ಎಡಗಾಲು ಎಳೆಯುತ್ತ ಹೋದೆ.

“ಅದಕ್ಕೂ ಬಂತೇನವಾ?”

“ಹೂಂ ಅಕ್ಕಾ. ಹಬ್ಬೈತಿ.”

ಅದರ ಮುಂದಿನ ವಾರ ಆಕೆ ಲಕ್ಕಿ ಸೊಪ್ಪು ಹಾಕಿ ತಾನೇ ಕಾಸಿದ ಎಣ್ಣೆಯ ಬಾಟಲಿ ತಂದಳು. ಮನೆಯಲ್ಲಿ ಹಚ್ಚಿಕೊಳ್ಳುತ್ತೇನೆ ಎಂದರೂ ಕೇಳದೆ, ಎಲ್ಲರ ಮುಂದೆ ನನ್ನನ್ನು ಗೋಡೆಗೆ ಒರಗಿಸಿ ಸೀರೆ ಮೇಲೆತ್ತಿ ಎರಡೂ ಮೊಣಕಾಲು ತಿಕ್ಕಿದಳು. ತಿಕ್ಕುತ್ತ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. “ಕರ್ತನೇ, ಈಕಿ ಎಲ್ಲಾರ ಭಾರಾನೂ ಹೊರತಾಳ, ಈಕಿ ಕಾಲಿಗೆ ಶಕ್ತಿ ಕೊಡು” ಎಂದು. ಆಕೆಯ ಕಣ್ಣಿನಿಂದ ನೀರು ನನ್ನ ಮೊಣಕಾಲ ಮೇಲೆ ಬಿತ್ತು. ಏನೂ ಆಗಿರದ ಮೊಣಕಾಲು. ಸಭೆಯ ಹೆಂಗಸರೆಲ್ಲ ವಾರವಾರ ಅದಕ್ಕಾಗಿ ಪ್ರಾರ್ಥಿಸಿದರು. ಪ್ರಾರ್ಥನೆ ಬೇಕಾಗಿದ್ದವಳು ಲಕ್ಷ್ಮೇಶ್ವರದಲ್ಲಿದ್ದಳು.

ನಾನೂ ಅವಳಿಗಾಗಿ ಪ್ರಾರ್ಥಿಸುತ್ತಿರಲಿಲ್ಲ. ಹೇಳಿದರೆ ನಂಬುವುದು ಕಷ್ಟ, ಆದರೆ ಸತ್ಯ. ಕಣ್ಣು ಮುಚ್ಚಿದರೆ ಅಡ್ಡಾಡಿ ಬೇರೆ ಎಲ್ಲರ ಹೆಸರು ಹೇಳಿ ಎದ್ದುಬಿಡುತ್ತಿದ್ದೆ. ಯಾಕೆ ಹಾಗೆ ಎಂದು ನನಗೇ ತಿಳಿದಿರಲಿಲ್ಲ. ಅದನ್ನು ಹೇಳಿದ್ದು ನಮ್ಮತ್ತೆ.

ನಮ್ಮತ್ತೆ ನಮ್ಮ ಜೊತೆಗೇ ಇದ್ದಾರೆ. ವಯಸ್ಸಾಗಿದೆ, ಕಿವಿ ಮಂದ, ನಾಲಿಗೆ ಚುರುಕು. ಮಷೀನಿನ ಪಕ್ಕದಲ್ಲೇ ಅವರ ಮಂಚ. ಒಂದು ಮಧ್ಯಾಹ್ನ ನಾನು ಪಕ್ಕದ ಮನೆಯವಳ ಮಗಳಿಗೆ ಕುಬಸ ಹೊಲಿಯುತ್ತಿದ್ದೆ. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಹೊರಳಿದರು.

“ಟ್ರಂಕಿನ್ಯಾಗಿನ ಖಣ ತತ್ತಿ ಇಡಾಕತ್ತೈತೇನ?”

“ಯಾವ ಖಣರಿ?”

“ನನ್ನ ಕಿವಿ ಹೋಗ್ಯಾವ, ಕಣ್ಣ ಇನ್ನೂ ಅದಾವ.”

ನಾನು ಮಷೀನು ನಿಲ್ಲಿಸಲಿಲ್ಲ.

“ದಿನಾ ಫೋನಿನ್ಯಾಗ ‘ಆಡ್ತೈತೇನ, ಆಡ್ತೈತೇನ’ ಅಂತ ಒದರತಿ. ಮುದುಕಿಗೆ ಕೇಳಂಗಿಲ್ಲ ಅಂತ ತಿಳದಿ. ಮನ್ಯಾಗ ಬೆಕ್ಕಿನ ಮರಿ ಸಾಕ್ಯಾಳೇನ ಆಕಿ, ಆಡಾಕ?”

ಈಗ ಮಷೀನು ನಿಂತಿತು.

“ಮಂದಿ ಕಣ್ಣು ಬೀಳ್ತೈತಿ ಅಂತ ಹೇಳಿಲ್ಲರಿ,” ಎಂದೆ.

“ಮಂದಿ ಕಣ್ಣೇನ ಮಾಡ್ತೈತಿ. ನೀ ಮಂದಿಗೆ ಮುಚ್ಚಿಡಾಕತ್ತಿಲ್ಲ. ಆತಗ ಮುಚ್ಚಿಡಾಕತ್ತಿ.” ಅತ್ತೆ ಮೇಲೆ ಬೆರಳು ತೋರಿಸಿದರು. ಮೇಲೆ ತಗಡಿನ ಚಾವಣಿ ಇತ್ತು. “ಹೋದ ಸಲ ಎತ್ತಿ ತೋರ್ಸಿದ್ದಿ, ತಗೊಂಡ್ ಹೋದ. ಈ ಸಲ ತೋರ್ಸಲಿಲ್ಲಂದ್ರ ಆತಗ ಗೊತ್ತಾಗಂಗಿಲ್ಲ, ಬಿಟ್ಟಬಿಡ್ತಾನ. ಹೌದಿಲ್ಲೋ?”

ಅದೇ ಆಗಿತ್ತು. ಅಷ್ಟು ತಿಂಗಳು ನನ್ನೊಳಗೆ ಕೂತಿದ್ದ ಲೆಕ್ಕಾಚಾರ ಅದೇ. ನಾನು ದೇವರನ್ನು ನಂಬದವಳಲ್ಲ. ನನಗೆ ಆತನ ಭಯ ಹಿಡಿದಿತ್ತು, ಕೂಸನ್ನು ಹದ್ದಿನಿಂದ ಸೆರಗಿನಲ್ಲಿ ಮುಚ್ಚುತ್ತಾರಲ್ಲ, ಹಾಗೆ ಮುಚ್ಚಿದ್ದೆ.

“ಹೋದ ಸಲ ನಾ ನಂಬಿದ್ದಿಲ್ಲೇನರಿ?” ಎಂದೆ. “ನಂಬೇ ಮಾಡಿದ್ನಲ್ಲ. ಏನಾತು?”

ಅತ್ತೆ ಮಂಚದ ಮೇಲೆ ಎದ್ದು ಕೂತರು. ಆಮೇಲೆ, “ನಾನೂ ಎರಡು ಕೂಸು ಮಣ್ಣು ಮಾಡೀನಿ,” ಎಂದರು. ನನಗೆ ಗೊತ್ತಿತ್ತು, ಆದರೆ ಅವರ ಬಾಯಿಂದ ಕೇಳಿದ್ದು ಅದೇ ಮೊದಲು. “ಎರಡಕ್ಕೂ ನಮ್ಮವ್ವ ಕುಬಸ ಮಾಡಿದ್ಲು. ಮೂರನೇದಕ್ಕೂ ಮಾಡಿದ್ಲು.”

“ಆಕಿಗೆ ಅಂಜಿಕಿ ಬರಲಿಲ್ಲೇನರಿ?”

“ಬಂದಿತ್ತು. ಅಳಕೋಂತನ ಹೋಳಿಗಿ ಮಾಡಿದ್ಲು. ಹೂರಣಕ್ಕ ಬೆಲ್ಲ ಹಾಕೋದು ಮರತಿದ್ಲು.”

“ಮೂರನೇದು?”

“ನಿನ್ನ ಗಂಡ. ನೋಡಲ್ಲಿ.”

ನಮ್ಮವರು ಪಡಸಾಲೆಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ, ಅವತ್ತು ರಜೆ. ಬೆರಳ ತುದಿಗೆಲ್ಲ ಮಸಿ.

ಅಷ್ಟಾದರೂ ನಾನು ಖಣ ಹೊರಗೆ ತೆಗೆಯಲಿಲ್ಲ. ಮಾತು ಕೇಳಿದ ಕೂಡಲೇ ಬದಲಾಗುವ ಮನುಷ್ಯರು ಸಭೆಯಲ್ಲಿ ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುವ ಪ್ರಸಂಗಗಳಲ್ಲಿ ಸಿಗುತ್ತಾರೆ, ನಾನು ಆ ಪೈಕಿ ಅಲ್ಲ. ಏಳನೇ ತಿಂಗಳು ಹಿಡಿಯಿತು. ಮಗಳೇ ಫೋನು ಮಾಡಿ ಕೇಳಿದಳು.

“ನನ್ನ ಕುಬಸ ಯಾವಾಗ ಬೇ?”

“ಈ ಸಲ ಬ್ಯಾಡ. ಹಡದ ಮ್ಯಾಲ ತೊಟ್ಟಲ ದೊಡ್ಡದಾಗಿ ಮಾಡೂಣು.”

ಎಷ್ಟು ಹೋಳಿಗೆ ಮಾಡುವುದು ಎಂದೂ ಲೆಕ್ಕ ಹೇಳತೊಡಗಿದೆ, ಅವಳು ನಡುವೆಯೇ ತಡೆದಳು.

“ಆ ಕೂಸಿಗೆ ಹಾಡಿದ್ರಿ,” ಎಂದಳು ಮಗಳು. “ಪ್ರಾರ್ಥನಾ ಮಾಡಿಸಿದ್ರಿ. ಮಂದಿ ಕೂಡಿದ್ರು. ಈ ಕೂಸು ಏನ್ ಮಾಡೈತಿ? ಇದರ ಹೆಸರ ಯಾರೂ ಎತ್ತಂಗಿಲ್ಲ. ನೀ ಒಂದು ಕುಬಸ ಹೊಲ್ಯಾಕ ಇಷ್ಟ ಅಂಜಿದ್ರ, ನಾ ಹಡ್ಯಾಕ ಹೆಂಗ ಧೈರ್ಯ ಮಾಡ್ಲಿ, ಹೇಳು.”

“ಗಿರಾಕಿ ಬಂದಾರ” ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಅದೇ ವಾರ ಅಳಿಯ ಅವಳನ್ನು ಹೆರಿಗೆಗೆಂದು ಬೆಟಗೇರಿಗೆ ತಂದು ಬಿಟ್ಟ. ಓಣಿಯವರೆಲ್ಲ ನೋಡಿದರು. ಅಷ್ಟು ದೊಡ್ಡ ಹೊಟ್ಟೆಯನ್ನು ಯಾವ ಸೆರಗಿನಲ್ಲಿ ಮುಚ್ಚುವುದು? ಪಕ್ಕದ ಮನೆಯವಳು ಕಟ್ಟೆಯ ಮೇಲಿಂದಲೇ, “ಅಯ್ಯ, ನಮ್ಮ ಹುಡುಗಿಗೆ ಹೊಲಿಯೂ ಮುಂದ ತುಟಿ ಬಿಚ್ಚಿದ್ದಿಲ್ಲಲ್ಲಬೇ, ನೀ ಭಾರಿ ಆಳ ಅದಿ ಬಿಡು,” ಎಂದಳು.

ಮಗಳು ಒಳಗೆ ಬಂದು, ನೀರು ಕುಡಿದು, ಚೀಲದಿಂದ ಒಂದು ಗಂಟು ತೆಗೆದು ಮಷೀನಿನ ಮೇಲೆ ಇಟ್ಟಳು. ನಾವು ದರ್ಜಿಗಳು ಹೊಸ ಕುಬಸಕ್ಕೆ ಹಳೇ ಕುಬಸದ ಅಳತೆ ಕೇಳುತ್ತೇವೆ. ಎಲ್ಲ ಗಿರಾಕಿಗಳಿಗೂ ಅದು ಗೊತ್ತು, ತರುವಾಗಲೇ ಅಳತೆ ಕುಬಸ ಜೊತೆಗೆ ತರುತ್ತಾರೆ. ಇವಳೂ ಗಿರಾಕಿಯ ಹಾಗೆ ತಂದಿದ್ದಳು.

“ಅಳತಿ ಇದ ಐತಿ, ತಗೊ,” ಎಂದಳು. “ಸ್ವಲ್ಪ ದಪ್ಪ ಆಗೀನಿ, ನೋಡ್ಕೊಂಡು ಬಿಡು.”

ಬಿಚ್ಚಿದೆ. ಅದೇ ಹಸಿರು ಕುಬಸ. ಒಗೆದು, ಮಡಚಿ, ಬೇವಿನ ಎಲೆ ಹಾಕಿ ಇಟ್ಟಿದ್ದಳು. ಎಸೆದಿರಲಿಲ್ಲ. ಬಿಗಿಯಾಗಿ ಕಟ್ಟಿದ್ದ ಗುರುತು ಬಟ್ಟೆಯ ಮೇಲೆ ಇನ್ನೂ ಸಣ್ಣದಾಗಿ ಇತ್ತು, ಅಥವಾ ನನಗೆ ಹಾಗೆ ಕಂಡಿತು. ತಿರುವಿ ನೋಡಿದೆ. ಎರಡೂ ಬದಿಗೆ ನಾನು ಬಿಟ್ಟ ಬಟ್ಟೆ, ಒಂದು ಬೆರಳು ಹೆಚ್ಚೇ ಬಿಟ್ಟದ್ದು, ಹೊಚ್ಚಹೊಸದಾಗಿ ಹೊಳೆಯುತ್ತಿತ್ತು. ಬಿಸಿಲು ಕಾಣದ ಬಟ್ಟೆ ಬಣ್ಣ ಕಳೆದುಕೊಳ್ಳುವುದಿಲ್ಲ.

ಮಗಳು ಅಜ್ಜಿಯ ಮಂಚದ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅಜ್ಜಿಯೂ ನೋಡುತ್ತಿದ್ದರು. ನಾನು ಟ್ರಂಕು ತೆರೆದೆ.

ಖಣವನ್ನು ಚಾಪೆಯ ಮೇಲೆ ಹಾಸಿದೆ. ಅದರ ಮೇಲೆ ಹಳೇ ಕುಬಸ ಇಟ್ಟೆ. ಸೀಮೆಸುಣ್ಣದಿಂದ ಗೆರೆ ಎಳೆಯಬೇಕು, ಕೈ ಬರಲಿಲ್ಲ. ಇಷ್ಟು ವರ್ಷ ಎಷ್ಟು ಜನರಿಗೆ ಕತ್ತರಿಸಿದ ಕೈ. ಆಗ ಪ್ರಾರ್ಥನೆ ಮಾಡಿದೆ. ಗುರುವಾರದ ಪ್ರಾರ್ಥನೆಯಲ್ಲ. ಹೀಗೆ ಹೇಳಿದ್ದು ನೆನಪಿದೆ: “ತಂದೀ, ನನಗ ಸಾಕಾಗೈತಿ. ಇನ್ನ ಹೊರಾಕ ಆಗಂಗಿಲ್ಲ. ಇಕಾ, ನೋಡು. ಇದು ನನ್ನ ಮಗಳ ಹೊಟ್ಯಾಗ ಐತಿ. ನಿನಗ ತೋರ್ಸಾಕತ್ತೀನಿ. ನೀ ಏನ ಮಾಡಿದ್ರೂ ನಾ ಎಲ್ಲಿ ಹೋಗ್ಲಿ, ನಿನ್ನ ಹತ್ರನ ಬರಬೇಕು.” ಅಷ್ಟೇ. ಆಮೆನ್ ಕೂಡ ಹೇಳಲಿಲ್ಲ, ಮಗಳು ಹೇಳಿದಳು.

ನನಗೆ ಆಗ ಯಾವ ಶಾಂತಿಯೂ ಸುರಿಯಲಿಲ್ಲ. ಭಾರವನ್ನು ದೇವರ ಮೇಲೆ ಹಾಕು ಎನ್ನುತ್ತಾರಲ್ಲ, ಅದನ್ನು ನಾನು ಭಕ್ತಿಯಿಂದ ಹಾಕಿದವಳಲ್ಲ. ನಳಕ್ಕೆ ನೀರು ಬಂದ ದಿನ ತುಂಬಿದ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ತೋಳು ಸೋತು, ಯಾರದೋ ಕಟ್ಟೆ ಕಂಡು ಇಳಿಸಿಬಿಡುತ್ತೇವೆ, ಹಾಗೆ ಇಳಿಸಿದೆ. ಕಟ್ಟೆ ಅಲ್ಲೇ ಇತ್ತು, ಅದು ನನ್ನ ಪುಣ್ಯ. ಗೆರೆ ಎಳೆದೆ, ಕತ್ತರಿಸಿದೆ. ಒಳಗೆ ಬಟ್ಟೆ ಬಿಟ್ಟೆ, ಹೋದ ಸಲದಷ್ಟೇ.

ಗುರುವಾರ ಕೂಟದಲ್ಲಿ ನನ್ನ ಸರದಿ ಬಂದಾಗ ಎಲ್ಲ ಹೇಳಿದೆ. ಮಗಳು ಬಸುರಿ, ನನಗೆ ಭಯ, ಮೊಣಕಾಲಿಗೆ ಏನೂ ಆಗಿರಲಿಲ್ಲ. ಕೆಲವರು ಅತ್ತರು. ಎಮ್ಮೆಯವಳು ನಕ್ಕುಬಿಟ್ಟಳು. ಕುರ್ತಕೋಟಿ ಅಕ್ಕ ಮಾತ್ರ ನನ್ನ ಮೊಣಕಾಲುಗಳನ್ನೇ ನೋಡಿದಳು.

“ಎರಡೂ ಕಾಲಿಗೆ ಆಗಿರಲಿಲ್ಲೇನ?”

“ಇಲ್ಲ ಅಕ್ಕಾ.”

“ನನ್ನ ಎಣ್ಣಿ ಬಾಟ್ಲಿ ವಾಪಸ್ ಕೊಡು.”

ಆಕೆ ತಮಾಷೆ ಮಾಡಿದ್ದಲ್ಲ. ಬಾಟಲಿ ತೆಗೆದುಕೊಂಡೇ ಹೋದಳು. ಕುಬಸದ ದಿನ ಬರುವುದಿಲ್ಲ ಎಂದುಕೊಂಡಿದ್ದೆವು, ಬಂದಳು. ಮುಖ ಗಂಟು ಹಾಕಿಕೊಂಡು ಬಂದು ಮೂಲೆಯಲ್ಲಿ ಕೂತಳು. ಅಯ್ಯನವರು ಪ್ರಾರ್ಥನೆ ಮಾಡಿದರು. ಕೀರ್ತನೆ ಎತ್ತಬೇಕಾದವಳು ನಾನು, ಮೊದಲ ಸಾಲೇ ಮರೆತುಹೋಯಿತು. ಮೂಲೆಯಿಂದ ಆಕೆಯೇ ಎತ್ತಿದಳು, ಎಲ್ಲರಿಗಿಂತ ಜೋರಾಗಿ, ರಾಗ ಸ್ವಲ್ಪ ಮೇಲೆಯೇ. ಊಟಕ್ಕೆ ಕೂತಾಗ ಮಗಳ ಸೊಂಟದ ಹಿಂದೆ ದಿಂಬು ಕೊಟ್ಟು, ಅದೇ ಎಣ್ಣೆ ಬಾಟಲಿಯನ್ನು ಅವಳ ಕೈಗಿಟ್ಟಳು. “ನಿಮ್ಮವ್ವಗ ಕೊಡಬ್ಯಾಡ,” ಎಂದಳು.

ಮಗಳು ಹಸಿರು ಕುಬಸ ಹಾಕಿಕೊಂಡು ಕೂತಿದ್ದಳು. ಒಳಗೆ ಚುಚ್ಚುತ್ತದೆ ಎಂದು ಆಗಾಗ ಬದಿ ತುರಿಸಿಕೊಳ್ಳುತ್ತಿದ್ದಳು.

ಕುಬಸವಾದ ಮೇಲಿನ ದಿನಗಳು ಹಿಂದಿನವಕ್ಕಿಂತ ಸುಲಭವಾಗಿದ್ದವು ಎಂದರೆ ಸುಳ್ಳು. ಬೆಳಗ್ಗೆ ಎದ್ದರೆ ಅದೇ ಅಂಜಿಕೆ. ಚಹಾ ಇಡುವ ಮೊದಲು ಮಗಳ ಹಾಸಿಗೆಯ ಬಳಿ ಹೋಗಿ ನಿಲ್ಲುತ್ತಿದ್ದೆ. ಅವಳು ಕಣ್ಣು ತೆರೆಯದೆಯೇ “ಆಡಾಕತ್ತೈತಿ ಬೇ, ಹೋಗು,” ಎನ್ನುತ್ತಿದ್ದಳು. ಬೇರೆಯಾದದ್ದು ಇಷ್ಟೇ: ಮೊದಲು ನಾನೊಬ್ಬಳೇ ಅಂಜುತ್ತಿದ್ದೆ, ಈಗ ಅಂಜಿಕೆಯನ್ನು ಹೇಳಿಕೊಳ್ಳಲು ದೇವರಿದ್ದ. ಮಷೀನು ತುಳಿಯುತ್ತಲೇ ಹೇಳುತ್ತಿದ್ದೆ. ಇವತ್ತು ಕಾಲು ಬಾತಿವೆ, ನೋಡು. ಇವತ್ತು ಊಟ ಸೇರಲಿಲ್ಲ, ನೋಡು. ಬೇಸರವಾಗುವಷ್ಟು ಸಲ ಹೇಳಿರಬೇಕು. ಆತ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಉತ್ತರವನ್ನೂ ಕೊಟ್ಟ ಹಾಗೆ ಕಾಣಲಿಲ್ಲ. ಅತ್ತೆ ಮಂಚದಿಂದ, “ಯಾರ ಜೋಡಿ ಮಾತಾಡಾಕತ್ತಿ?” ಎನ್ನುತ್ತಿದ್ದರು. “ನಿಮ್ಮ ಜೋಡಿ ಅಲ್ಲರಿ,” ಎನ್ನುತ್ತಿದ್ದೆ.

ಹೆರಿಗೆಗೆ ಮತ್ತೆ ಗದಗಿನ ಆಸ್ಪತ್ರೆ. ಆಪರೇಷನ್ ಮಾಡಬೇಕು ಎಂದರು. ಬೆಳಗಿನ ಹೊತ್ತು ಅವಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ನಾನು, ನಮ್ಮವರು, ಅಳಿಯ. ಹೋದ ಸಲ ಇಂಥದ್ದೇ ಬೆಂಚಿನ ಮೇಲೆ ಕೂತು ನಾನು ದೇವರೊಂದಿಗೆ ಚೌಕಾಸಿ ಮಾಡಿದ್ದೆ. ಅದು ಬಿಡುತ್ತೇನೆ, ಇದು ಕೊಡುತ್ತೇನೆ, ಇಷ್ಟು ದಿನ ಉಪವಾಸ ಇರುತ್ತೇನೆ ಎಂದು. ಈ ಸಲ ಚೌಕಾಸಿಗೆ ಬಾಯಿ ತೆರೆದೆ, ಮಾತೇ ಹುಟ್ಟಲಿಲ್ಲ. ಹೇಳುವುದೆಲ್ಲ ಮಷೀನಿನ ಮುಂದೆ ಹೇಳಿ ಮುಗಿದಿತ್ತು. “ನೀ ನೋಡ್ಕೊ,” ಎಂದೆ. ಗೋಡೆಗೆ ತಲೆ ಆನಿಸಿದೆ.

ಮತ್ತೆ ಕಣ್ಣು ಬಿಟ್ಟಾಗ ನಮ್ಮವರು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು.

“ಏಳ, ಏಳ. ಹೆಣ್ಣು ಕೂಸು. ಅತ್ತಿದ್ದು ಇಲ್ಲಿತನಾ ಕೇಳ್ತು, ನಿನಗ ಕೇಳಲಿಲ್ಲೇನ?”

ಕೇಳಿರಲಿಲ್ಲ. ಯಾವ ಅಳುವಿಗಾಗಿ ನಾನು ಅಷ್ಟು ತಿಂಗಳು ಕಿವಿ ನಿಗುರಿಸಿಕೊಂಡು ಕೂತಿದ್ದೆನೋ ಆ ಅಳು ಬಂದಾಗ ನಾನು ನಿದ್ದೆ ಹೋಗಿದ್ದೆ. ಗೊರಕೆ ಹೊಡೆಯುತ್ತಿದ್ದೆನಂತೆ, ನರ್ಸ್ ಬಂದು “ಈ ಅಮ್ಮಾರಿಗೆ ಏನಾತು?” ಎಂದು ಕೇಳಿ ಹೋದಳಂತೆ. ಬಿರುಗಾಳಿಗೆ ದೋಣಿ ಮುಳುಗುವಂತಿದ್ದಾಗ ಯೇಸುಸ್ವಾಮಿ ದಿಂಬಿಗೆ ಒರಗಿ ಮಲಗಿದ್ದ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ, ಅಂಥದ್ದರಲ್ಲಿ ಯಾರಿಗಾದರೂ ನಿದ್ದೆ ಹೇಗೆ ಬರುತ್ತದೆ ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಬರುತ್ತದೆ. ಆತನದು ಯಾವ ನಿದ್ದೆಯೋ ನಾನರಿಯೆ. ನನ್ನದು ಬರೀ ದಣಿವಿನ ನಿದ್ದೆ. ಆದರೆ ಮಗಳ ಬಸುರು ತಿಳಿದ ಬೆಳಗ್ಗೆಯಿಂದ ನಾನು ಹಗಲು ಒಮ್ಮೆಯೂ ನಿದ್ದೆ ಮಾಡಿದವಳಲ್ಲ.

ಕೂಸನ್ನು ತಂದು ನನ್ನ ಕೈಗೆ ಕೊಟ್ಟರು. ಬೆಚ್ಚಗಿತ್ತು. ಹೋದ ಸಲದ್ದನ್ನೂ ಇದೇ ಕೈಯಲ್ಲಿ ಹಿಡಿದಿದ್ದೆ. ಆ ಸಲ ಆತ ಯಾಕೆ ಕೊಡಲಿಲ್ಲ, ಈ ಸಲ ಯಾಕೆ ಕೊಟ್ಟ ಎಂದು ನನಗೆ ಗೊತ್ತಿಲ್ಲ. ಈ ಸಲ ನಾನು ಚೆನ್ನಾಗಿ ನಂಬಿದ್ದಕ್ಕೆ ಕೊಟ್ಟ ಎಂದು ಸಾಕ್ಷಿ ಹೇಳಲು ಕೂಟದಲ್ಲಿ ಒಬ್ಬಿಬ್ಬರು ಒತ್ತಾಯ ಮಾಡಿದರು. ಹೇಳಲಿಲ್ಲ. ಹಾಗೆ ಹೇಳಿದರೆ ಆ ಮೊದಲ ಕೂಸಿಗೆ, ನಮ್ಮತ್ತೆಯ ಎರಡು ಕೂಸುಗಳಿಗೆ ನಾನು ಏನು ಉತ್ತರ ಕೊಡಲಿ? ಬೆಂಚಿನ ಮೇಲೆ ನಿದ್ದೆ ಬಂತು ಎಂದಷ್ಟೇ ಹೇಳಿದೆ. ಕುರ್ತಕೋಟಿ ಅಕ್ಕ, “ಅಷ್ಟ ಸಾಕು,” ಎಂದಳು.

ಅತ್ತೆ ಮಾತ್ರ ಇನ್ನೂ ಬಿಟ್ಟಿಲ್ಲ. ಮನೆಗೆ ಯಾರೇ ಬರಲಿ, “ಮಗಳು ಹಡ್ಯೂ ಮುಂದ ಗೊರಕಿ ಹೊಡದಾಕಿ ಇಕಿ ಒಬ್ಬಾಕಿನ ನೋಡ್ರಿ, ಗದಗ ಬೆಟಗೇರಿ ಎಲ್ಲಾ ಕೂಡಿ,” ಎಂದು ಶುರು ಮಾಡುತ್ತಾರೆ.

ಮೊನ್ನೆ ಮಧ್ಯಾಹ್ನ ಮಗಳು ಈ ಸಲದ ಹಸಿರು ಕುಬಸ ತಂದು ಮಷೀನಿನ ಮೇಲೆ ಹಾಕಿದಳು. “ಬಿಗಿ ಆಗೈತಿ ಬೇ. ಹುಕ್ಕು ಹತ್ತವಲ್ದು. ಬಿಚ್ಚಿ ಕೊಡು.”

ಕನ್ನಡಕ ಹಾಕಿಕೊಂಡು ಕೂತೆ. ಬ್ಲೇಡಿನಿಂದ ಒಂದೊಂದೇ ದಾರ ಕಿತ್ತೆ. ಒಳಗಿನ ಬಟ್ಟೆ ಹೊರಗೆ ಬಂತು, ಕಡು ಹಸಿರು. ಒಗೆದು ಒಗೆದು ಬಿಸಿಲಿಗೆ ಮಾಸಿದ ಹೊರಗಿನ ಬಟ್ಟೆಯ ಪಕ್ಕದಲ್ಲಿ ಅದು ಪಟ್ಟಿಯ ಹಾಗೆ ಎದ್ದು ಕಾಣುತ್ತಿತ್ತು, ಮುಚ್ಚಲು ಬರುವುದಿಲ್ಲ. ಎದೆಯ ಹತ್ತಿರ ಹಾಲಿನ ಕಲೆ ಇತ್ತು, ಹುಳಿ ವಾಸನೆ.

ತೊಟ್ಟಿಲಿನಲ್ಲಿ ಕೂಸು ಸೀನಿತು. ಒಂದಲ್ಲ, ಎರಡು ಸಲ. ನನ್ನ ಕೈ ನಿಂತಿತು.

“ನೆಗಡಿ ಏನ ಇದಕ್ಕ? ಮೈ ಬಿಸಿ ಐತೇನ ನೋಡು.”

“ಏನಿಲ್ಲ ಬೇ. ದಾರದ ಧೂಳಿಗೆ ಸೀನೈತಿ. ನೀ ಹೊಲಿ.”

ಎದ್ದು ಹೋಗಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. “ನೋಡ್ಕೊ,” ಎಂದೆ, ಮಗಳಿಗಲ್ಲ. ಬಂದು ಕೂತು ಇನ್ನೊಂದು ಬದಿಯ ಹೊಲಿಗೆ ಬಿಚ್ಚಲು ಶುರು ಮಾಡಿದೆ.